ಸ್ಪೀಕರಿನ ಸ್ವಂತ ದನಿಯನ್ನು ಅಡಗಿಸುವ ಬಗೆ

ಅಡುಗೆಮನೆಯಿಂದ ಒಂದು ಸ್ಟೀಲ್ ತಟ್ಟೆ ತನ್ನಿ. ಅದರ ಅಂಚನ್ನು ಎರಡು ಬೆರಳುಗಳ ತುದಿಯಲ್ಲಿ ಹಗುರವಾಗಿ ಹಿಡಿದು ಚಮಚದಿಂದ ಒಮ್ಮೆ ತಟ್ಟಿ. ಟಣ್ ಎಂದು ಹೊರಟ ನಾದ ಸ್ವಲ್ಪ ಹೊತ್ತು ಎಳೆದುಕೊಂಡು ಹೋಗುತ್ತದೆ. ಈಗ ಅಷ್ಟೇ ಅಗಲದ ಒಂದು ರಟ್ಟನ್ನು ಹಾಗೆಯೇ ಹಿಡಿದು ತಟ್ಟಿ. ದಪ್ ಎಂದು ಸದ್ದಾಗಿ ಅಲ್ಲಿಗೇ ಮುಗಿಯುತ್ತದೆ. ತಟ್ಟಿದವರು ನೀವೇ, ಚಮಚವೂ ಅದೇ. ಆದರೂ ತಟ್ಟೆ ತನ್ನದೊಂದು ಸ್ವರವನ್ನು ಸೇರಿಸಿತು; ರಟ್ಟು ಅಷ್ಟಾಗಿ ಸೇರಿಸಲಿಲ್ಲ.

ಧ್ವನಿವರ್ಧಕದ ಒಳಗಿರುವ ಶಂಕುವೂ ಇಂಥದೇ ಒಂದು ತಟ್ಟೆ. ಹಾಡುಗಾರ ಹಾಡಿದ್ದನ್ನು ಹಾಗೆಯೇ ಒಪ್ಪಿಸುವುದು ಅದರ ಕೆಲಸ. ತಾನೂ ಹಾಡಲು ಹೊರಟರೆ ಅದು ಕೆಟ್ಟ ಸ್ಪೀಕರ್. ಆದರೆ ಗಟ್ಟಿಯಾದ ಯಾವ ವಸ್ತುವೂ ತನ್ನ ಸ್ವಂತ ದನಿಯನ್ನು ಪೂರ್ತಿ ಬಿಟ್ಟುಕೊಡುವುದಿಲ್ಲ. ಆ ದನಿಯನ್ನು ಅಡಗಿಸುವ ಹೊಣೆ ಪೆಟ್ಟಿಗೆಯ ಒಳಗೆ ಕಾಣದಂತೆ ಕುಳಿತ ಒಂದು ವಿದ್ಯುನ್ಮಂಡಲದ ಮೇಲೆ ಬೀಳುತ್ತದೆ. ಅದರ ಹೆಸರು ಕ್ರಾಸ್‌ಓವರ್.

ಮೊದಲು ಶಂಕುವಿನ ಕತೆ. ಅಯಸ್ಕಾಂತದ ಕಿರಿದಾದ ಸಂದಿಯಲ್ಲಿ ತಂತಿಯ ಒಂದು ಸುರುಳಿ. ಅದರಲ್ಲಿ ವರ್ಧಕದಿಂದ ಬಂದ ವಿದ್ಯುತ್ತು ಹರಿದಾಗ ಸುರುಳಿ ಹಿಂದೆ ಮುಂದೆ ಚಲಿಸುತ್ತದೆ. ಸುರುಳಿಗೆ ಅಂಟಿಸಿದ ಶಂಕು ಗಾಳಿಯನ್ನು ತಳ್ಳುತ್ತದೆ, ಎಳೆಯುತ್ತದೆ. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯ ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲಾಗ್ 1925ರಲ್ಲಿ ವಿವರಿಸಿದ ಈ ಏರ್ಪಾಡು ಮೂಲತಃ ಬದಲಾಗಿಲ್ಲ. ನಿಮ್ಮ ಮನೆಯ ಟಿ.ವಿ.ಯಲ್ಲೂ ಇದೇ, ಊರ ಜಾತ್ರೆಯ ದೊಡ್ಡ ಪೆಟ್ಟಿಗೆಗಳಲ್ಲೂ ಇದೇ.

ಕಡಮೆ ಆವೃತ್ತಿಯಲ್ಲಿ, ಅಂದರೆ ಸೆಕೆಂಡಿಗೆ ನೂರು ಇನ್ನೂರು ಕಂಪನಗಳಾಗುವಾಗ, ಶಂಕು ಇಡಿಯಾಗಿ ಒಟ್ಟಿಗೇ ಮುಂದೆ ಬರುತ್ತದೆ, ಒಟ್ಟಿಗೇ ಹಿಂದೆ ಹೋಗುತ್ತದೆ, ಪಂಪಿನ ಕೊಂತದ ಹಾಗೆ. ಆವೃತ್ತಿ ಏರಿದಂತೆ ಕತೆ ಬದಲಾಗುತ್ತದೆ. ಸುರುಳಿ ನಡುವಿನಲ್ಲಿ ಕೊಟ್ಟ ತಳ್ಳು ಅಲೆಯಾಗಿ ಅಂಚಿನತ್ತ ಹೊರಡುತ್ತದೆ. ಅದು ಅಂಚು ಮುಟ್ಟಿ ಹಿಂದಿರುಗುವ ಹೊತ್ತಿಗೆ ಸುರುಳಿ ಮುಂದಿನ ತಳ್ಳನ್ನು ಕೊಟ್ಟಾಗಿರುತ್ತದೆ. ಆಗ ಶಂಕುವಿನ ಒಂದು ಭಾಗ ಮುಂದೆ ಬರುತ್ತಿದ್ದರೆ ಇನ್ನೊಂದು ಭಾಗ ಹಿಂದೆ ಸರಿಯುತ್ತಿರುತ್ತದೆ. ಹೋಗುವ ಅಲೆಗೂ ಬರುವ ಅಲೆಗೂ ತಾಳ ಕೂಡಿಬರುವ ಕೆಲವು ನಿರ್ದಿಷ್ಟ ಆವೃತ್ತಿಗಳಲ್ಲಿ ಕಂಪನ ಬೆಳೆಯುತ್ತಾ ಹೋಗುತ್ತದೆ. ಇದೇ ಅನುರಣನೆ. ಜೋಕಾಲಿಯನ್ನು ಸರಿಯಾದ ಹೊತ್ತಿಗೆ ತಳ್ಳುತ್ತಾ ಹೋದರೆ ಅದು ಎತ್ತರೆತ್ತರಕ್ಕೆ ಹೋಗುವುದಿಲ್ಲವೆ, ಹಾಗೆ.

ತಟ್ಟೆಯೊಂದು ಹೀಗೆ ಭಾಗಭಾಗವಾಗಿ ಕಂಪಿಸುವುದನ್ನು ಕಣ್ಣಿಗೆ ತೋರಿಸಿದವನು ಜರ್ಮನಿಯ ಕ್ಲಾಡ್ನಿ. 1787ರಲ್ಲಿ ಪ್ರಕಟವಾದ ತನ್ನ ಪುಸ್ತಕದಲ್ಲಿ ಅವನು ಲೋಹದ ಹಲಗೆಯ ಮೇಲೆ ಮರಳು ಉದುರಿಸಿ, ಅಂಚಿಗೆ ಪಿಟೀಲಿನ ಕಮಾನು ಎಳೆದಾಗ ಮೂಡುವ ಚಿತ್ತಾರಗಳನ್ನು ಬಿಡಿಸಿಟ್ಟ. ಕಂಪನವಿಲ್ಲದ ಗೆರೆಗಳಲ್ಲಿ ಮರಳು ನಿಲ್ಲುತ್ತದೆ, ಉಳಿದೆಡೆಯಿಂದ ಹಾರಿಹೋಗುತ್ತದೆ. ಇದೇ ಉಪಾಯವನ್ನು ಸಿ.ವಿ. ರಾಮನ್ ನಮ್ಮ ಮೃದಂಗದ ಮೇಲೆ ಪ್ರಯೋಗಿಸಿದರು. ಅವರ ಪ್ರಬಂಧ 1934ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಅಚ್ಚಾಯಿತು. ಬರಿಯ ಚರ್ಮದ ಪೊರೆಯ ಸ್ವರಗಳಿಗೆ ಒಂದಕ್ಕೊಂದು ಹೊಂದಿಕೆಯಿರುವುದಿಲ್ಲ. ಅದರ ಮೇಲೆ ಕಪ್ಪು ಕರಣೆ ಹಾಕಿದಾಗ ಒಂಬತ್ತು ಬಗೆಯ ಕಂಪನಗಳು ಐದು ಸಂಗತ ಸ್ವರಗಳಾಗಿ ಒಟ್ಟುಗೂಡುತ್ತವೆ ಎಂದು ಅವರು ತೋರಿಸಿದರು. ಮೃದಂಗಕ್ಕೆ ಅನುರಣನೆಯೇ ಸಂಪತ್ತು; ಅದನ್ನು ಶ್ರುತಿಗೊಳಿಸಿದರೆ ಸಾಕು. ಸ್ಪೀಕರಿಗೆ ಅದೇ ಶಾಪ. ಒಂದೇ ಭೌತವಿಜ್ಞಾನ, ಎರಡು ತದ್ವಿರುದ್ಧ ಗುರಿಗಳು.

ಈ ಶಾಪ ನನ್ನ ಮನೆಯಲ್ಲೇ ಒಮ್ಮೆ ಕಾಣಿಸಿತು. ಕೆಲವು ವರ್ಷಗಳ ಹಿಂದೆ ಒಂದು ಜೊತೆ ಪೆಟ್ಟಿಗೆಗಳನ್ನು ನಾನೇ ಕಟ್ಟಿದೆ. ಆರೂವರೆ ಅಂಗುಲದ ಅಲ್ಯೂಮಿನಿಯಂ ಶಂಕುವಿನ ವೂಫರ್, ಮೇಲಿನ ಸ್ವರಗಳಿಗೆ ಒಂದು ಟ್ವೀಟರ್, ನಡುವೆ ಅಂಗಡಿಯಲ್ಲಿ ಸಿಗುವ ಸಿದ್ಧ ಕ್ರಾಸ್‌ಓವರ್ ಹಲಗೆ. ಹಲಗೆಯ ಮೇಲೆ 3 ಕಿಲೋಹರ್ಟ್ಸ್, 8 ಓಮ್ ಎಂದು ಅಚ್ಚಾಗಿತ್ತು. ನಮ್ಮ ಅತ್ತೆ ವೀಣೆ ನುಡಿಸುತ್ತಾರೆ. ಅವರದೇ ಧ್ವನಿಮುದ್ರಣ ಹಾಕಿ ಕೇಳಿಸಿದೆ. ಐದು ನಿಮಿಷ ಕೇಳಿ, "ಇದು ಯಾರ ವೀಣೆ?" ಎಂದರು. ಪ್ರತಿ ಮೀಟಿನ ಹಿಂದೆಯೂ ಒಂದು ಸಣ್ಣ ಟಿಣ್ ಇತ್ತು. ಎಲ್ಲ ಸ್ವರಗಳಿಗೂ ಅದೇ ಟಿಣ್. ನನಗೆ ಅದು ಸ್ಪಷ್ಟತೆ ಎನ್ನಿಸಿತ್ತು! ಮೂವತ್ತು ವರ್ಷ ಅದೇ ವಾದ್ಯವನ್ನು ತೊಡೆಯ ಮೇಲಿಟ್ಟುಕೊಂಡವರ ಕಿವಿಗೆ ಮೋಸವಾಗಲಿಲ್ಲ.

ಎಲ್ಲಿ ತಪ್ಪಾಗಿತ್ತು?

ಕ್ರಾಸ್‌ಓವರ್ ಎಂದರೆ ದಾರಿ ಕವಲೊಡೆಯುವ ಜಾಗ ಎಂದು ತಿಳಿಯಿರಿ. ಕೆಳಗಿನ ಸ್ವರಗಳನ್ನು ವೂಫರಿಗೂ ಮೇಲಿನವನ್ನು ಟ್ವೀಟರಿಗೂ ಅದು ಕಳಿಸುತ್ತದೆ. ಸುರುಳಿ ಅಥವಾ ಇಂಡಕ್ಟರ್ ಹೆಚ್ಚು ಆವೃತ್ತಿಯನ್ನು ತಡೆಯುತ್ತದೆ. ಕೆಪಾಸಿಟರ್ ಕಡಮೆ ಆವೃತ್ತಿಯನ್ನು ತಡೆಯುತ್ತದೆ. ಪಿ.ಯು.ಸಿ. ಪುಸ್ತಕದಲ್ಲಿರುವ ಮಾತೇ. ಆದರೆ ಇದು ಬಾಗಿಲು ಮುಚ್ಚಿದಂತೆ ಫಕ್ಕನೆ ಆಗುವ ತಡೆಯಲ್ಲ, ಇಳಿಜಾರು. ಒಂದೇ ಸುರುಳಿಯಿದ್ದರೆ ಆವೃತ್ತಿ ದುಪ್ಪಟ್ಟಾದಾಗಲೆಲ್ಲ ಸುಮಾರು 6 ಡೆಸಿಬೆಲ್ ಇಳಿಕೆ, ಜೊತೆಗೆ ಒಂದು ಕೆಪಾಸಿಟರ್ ಸೇರಿದರೆ 12, ಅಂಥ ಎರಡು ಹಂತಗಳಿದ್ದರೆ 24. ಕಂಪನದ ಪಾರ ಅರ್ಧವಾದರೆ 6 ಡೆಸಿಬೆಲ್ ಇಳಿಯಿತು ಎನ್ನುತ್ತಾರೆ, ಕಾಲುಭಾಗವಾದರೆ 12.

ನನ್ನ ವೂಫರಿನ ಶಂಕುವಿಗೆ 5 ಕಿಲೋಹರ್ಟ್ಸ್‌ನಲ್ಲಿ 12 ಡೆಸಿಬೆಲ್ ಎತ್ತರದ ಒಂದು ಚೂಪಾದ ಉಬ್ಬು ಇತ್ತು. ಆ ಸ್ವರ ಬಂದಾಗ ಶಂಕು ಉಳಿದ ಸ್ವರಗಳಿಗಿಂತ ನಾಲ್ಕು ಪಟ್ಟು ಜೋರಾಗಿ ಕೂಗುತ್ತಿತ್ತು. 3 ಕಿಲೋಹರ್ಟ್ಸ್‌ನಲ್ಲಿ ಕವಲೊಡೆಯುವ, 12 ಡೆಸಿಬೆಲ್ ಇಳಿಜಾರಿನ ಮಂಡಲ 5 ಕಿಲೋಹರ್ಟ್ಸ್ ಮುಟ್ಟುವ ಹೊತ್ತಿಗೆ ಇಳಿಸುವುದು, ಲೆಕ್ಕದ ಪ್ರಕಾರವೇ, 9ರಿಂದ 12 ಡೆಸಿಬೆಲ್ ಮಾತ್ರ. ಉಬ್ಬು ಹನ್ನೆರಡು, ತಗ್ಗಿದ್ದೂ ಸುಮಾರು ಅಷ್ಟೇ. ಎಂದರೆ, ಸುಮ್ಮನಿರಬೇಕಾದ ಜಾಗದಲ್ಲಿ ವೂಫರ್ ಟ್ವೀಟರಿಗೆ ಸರಿಸಮನಾಗಿ ಬಾಯಿ ಹಾಕುತ್ತಿತ್ತು.

ಇದು ಲೆಕ್ಕದ ಪ್ರಕಾರ. ವಾಸ್ತವ ಇನ್ನೂ ಕೆಟ್ಟದು. ಏಕೆಂದರೆ ಆ 8 ಓಮ್ ಎನ್ನುವುದು ಒಂದು ಹೆಸರು ಮಾತ್ರ. ಸ್ಪೀಕರಿನ ಸುರುಳಿಯೂ ಒಂದು ಇಂಡಕ್ಟರ್ ತಾನೆ? ಅದರ ತಂತಿಯ ರೋಧ 6 ಓಮ್, ಪ್ರೇರಕತೆ ಅರ್ಧ ಮಿಲಿಹೆನ್ರಿ ಇದ್ದರೆ 5 ಕಿಲೋಹರ್ಟ್ಸ್‌ನಲ್ಲಿ ಅದು ಒಡ್ಡುವ ಒಟ್ಟು ತಡೆ 8 ಅಲ್ಲ, ಸುಮಾರು 17 ಓಮ್. ಈಗ ಒಂದು ತಮಾಷೆ ನೋಡಿ. ಇಂಥ ವೂಫರಿನ ಮುಂದೆ ನೀವು ಇನ್ನೊಂದು ಅರ್ಧ ಮಿಲಿಹೆನ್ರಿ ಸುರುಳಿಯನ್ನು ಇಟ್ಟು ಮೇಲಿನ ಸ್ವರಗಳು ನಿಂತವು ಎಂದುಕೊಳ್ಳುತ್ತೀರಿ. ಎತ್ತರದ ಆವೃತ್ತಿಗಳಲ್ಲಿ ಎರಡೂ ಸುರುಳಿಗಳ ತಡೆ ಒಂದೇ ಸಮನಾಗಿ ಏರುತ್ತದೆ, ಆದ್ದರಿಂದ ವೋಲ್ಟೇಜು ಎರಡರ ನಡುವೆ ಅರ್ಧರ್ಧ ಹಂಚಿಹೋಗುತ್ತದೆ. ಅರ್ಧ ಎಂದರೆ 6 ಡೆಸಿಬೆಲ್. ಆವೃತ್ತಿ ಎಷ್ಟೇ ಏರಲಿ, ಇಳಿಕೆ ಅಲ್ಲಿಗೇ ನಿಂತಿತು. ಪುಸ್ತಕದ ಇಳಿಜಾರು ಎಲ್ಲಿ ಹೋಯಿತು ಎಂದು ತಲೆ ಕೆರೆದುಕೊಳ್ಳುವವರು ಮರೆಯುವುದು ಇದನ್ನೇ. ಇದಕ್ಕೆ ಪರಿಹಾರವಾಗಿ ವೂಫರಿನ ಎರಡು ತುದಿಗಳ ನಡುವೆ ಒಂದು ರೋಧಕ ಮತ್ತು ಕೆಪಾಸಿಟರನ್ನು ಸರಣಿಯಾಗಿ ಕಟ್ಟುತ್ತಾರೆ. ಪ್ರೇರಕತೆಯನ್ನು ರೋಧದ ವರ್ಗದಿಂದ ಭಾಗಿಸಿದರೆ ಕೆಪಾಸಿಟರಿನ ಬೆಲೆ ಸಿಗುತ್ತದೆ. ನಮ್ಮ ಉದಾಹರಣೆಯಲ್ಲಿ ಅದು 14 ಮೈಕ್ರೋಫ್ಯಾರಡ್, ರೋಧಕ 6 ಓಮ್. ಆಗ ಕ್ರಾಸ್‌ಓವರಿನ ಕಣ್ಣಿಗೆ ವೂಫರ್ ಬಹುಮಟ್ಟಿಗೆ ಬರಿಯ ರೋಧಕದಂತೆ ಕಾಣುತ್ತದೆ.

ಕವಲನ್ನೇ ಕೆಳಗೆ ತಂದರೇನು, ಇಳಿಜಾರನ್ನು ಕಡಿದು ಮಾಡಿದರೇನು ಎಂದು ನೀವು ಕೇಳಬಹುದು. ಒಳ್ಳೆಯ ಪ್ರಶ್ನೆ. ಸೀಗ್‌ಫ್ರೀಡ್ ಲಿಂಕ್‌ವಿಟ್ಸ್ 1976ರಲ್ಲಿ ಪ್ರಕಟಿಸಿದ, ಅವರ ಮತ್ತು ಸಹೋದ್ಯೋಗಿ ರಸ್ ರೈಲಿಯ ಹೆಸರಿನಲ್ಲಿ ಪ್ರಸಿದ್ಧವಾದ 24 ಡೆಸಿಬೆಲ್ ಇಳಿಜಾರಿನ ಮಂಡಲವನ್ನು 2.5 ಕಿಲೋಹರ್ಟ್ಸ್‌ನಲ್ಲಿ ಇಟ್ಟರೆ 5 ಕಿಲೋಹರ್ಟ್ಸ್‌ನಲ್ಲಿ ಸುಮಾರು 25 ಡೆಸಿಬೆಲ್ ಇಳಿಕೆ ಸಿಗುತ್ತದೆ. ಉಬ್ಬನ್ನು ಕಳೆದರೂ 13 ಡೆಸಿಬೆಲ್ ಕೆಳಗೆ. 2 ಕಿಲೋಹರ್ಟ್ಸ್‌ಗೆ ತಂದರೆ 32 ಡೆಸಿಬೆಲ್ ಇಳಿಕೆ. ಆದರೆ ಆಗ ಬವಣೆ ಟ್ವೀಟರಿನದು. ಅಷ್ಟೇ ಗಟ್ಟಿಯ ಸದ್ದಿಗೆ ಆವೃತ್ತಿ ಅರ್ಧವಾದರೆ ಪೊರೆ ನಾಲ್ಕು ಪಟ್ಟು ದೂರ ಓಡಾಡಬೇಕು. ಒಂದು ಅಂಗುಲದ ಪುಟ್ಟ ಗುಮ್ಮಟ ಎಷ್ಟು ದೂರ ಓಡಾಡೀತು? ಒಬ್ಬನ ಹೊರೆ ಇಳಿಸಲು ಹೋಗಿ ಇನ್ನೊಬ್ಬನ ಬೆನ್ನು ಮುರಿಯಬಾರದು.

ಹಾಗಾದರೆ ಶಂಕುವಿಗೆ ಲೋಹವೇ ಏಕೆ, ರಟ್ಟಿನಂಥ ಕಾಗದ ಸಾಲದೆ? ಕಾಗದ ಕಂಪನವನ್ನು ತನ್ನೊಳಗೇ ಹೀರಿಕೊಳ್ಳುತ್ತದೆ, ನಿಜ. ಆದರೆ ಅದು ಬಿಗಿಯಿಲ್ಲದ ವಸ್ತು. ಸಾವಿರ ಹರ್ಟ್ಸ್ ಆಸುಪಾಸಿನಲ್ಲೇ ಭಾಗಭಾಗವಾಗಿ ಕಂಪಿಸಲು ತೊಡಗಬಹುದು. ಉಬ್ಬುಗಳು ಸಣ್ಣವು, ಆದರೆ ಹಲವು, ಅದೂ ಮನುಷ್ಯನ ಮಾತಿನ ನಡುಮಧ್ಯದಲ್ಲಿ. ಲೋಹ ಹಾಗಲ್ಲ. ನಾಲ್ಕೈದು ಸಾವಿರ ಹರ್ಟ್ಸ್‌ವರೆಗೆ ಶಿಸ್ತಿನ ಸಿಪಾಯಿ, ಅಲ್ಲಿಗೆ ಮುಟ್ಟಿದೊಡನೆ ಒಂದೇ ಸಲ ರಂಪ. ಹತ್ತು ಸಣ್ಣ ಕಳ್ಳರು ಬೇಕೋ, ವಿಳಾಸ ಗೊತ್ತಿರುವ ಒಬ್ಬ ದೊಡ್ಡ ಕಳ್ಳ ಬೇಕೋ? ನನ್ನ ಮಟ್ಟಿಗೆ ಎರಡನೆಯವನೇ ವಾಸಿ, ಅವನನ್ನು ಹಿಡಿಯುವ ಹಗ್ಗ ಕೈಯಲ್ಲಿದ್ದರೆ.

ಇವೆರಡರ ನಡುವಿನ ದಾರಿಯೂ ಇದೆ. ಬ್ರಿಟನ್ನಿನ ಬಿ.ಬಿ.ಸಿ. ಸಂಸ್ಥೆಗೆ 1970ರ ದಶಕದ ಆರಂಭದಲ್ಲಿ ಹೊರಾಂಗಣ ಪ್ರಸಾರದ ವ್ಯಾನಿನೊಳಗೆ ಹಿಡಿಸುವ ಪುಟ್ಟ ಸ್ಪೀಕರ್ ಬೇಕಾಯಿತು. ವಾರ್ತೆ ಓದುವವರ ದನಿ ಅದರಲ್ಲಿ ಅವರದೇ ದನಿಯಾಗಿ ಕೇಳಬೇಕು, ಇದು ಕರಾರು. ಸಂಸ್ಥೆಯ ಸಂಶೋಧನಾ ವಿಭಾಗ ರೂಪಿಸಿದ ಎಲ್‌ಎಸ್ 3/5ಎ ಎಂಬ ಆ ಪೆಟ್ಟಿಗೆಯ ಒಳಗಾತ್ರ ಸುಮಾರು 5 ಲೀಟರ್, ಒಂದು ಸಣ್ಣ ಬಿಂದಿಗೆಯಷ್ಟು. ವೂಫರಿನ ಶಂಕು ಬೆಕ್ಸ್‌ಟ್ರೀನ್ ಎಂಬ ಪ್ಲಾಸ್ಟಿಕ್ಕಿನದು. ಅದರ ಕಂಪನ ಹೀರಿಕೊಳ್ಳಲು ಮೇಲೆ ಒಂದು ಲೇಪ, ಮೃದಂಗದ ಕರಣೆಯನ್ನು ನೆನಪಿಸುವಂತೆ, ಉದ್ದೇಶ ಮಾತ್ರ ಬೇರೆ. ಲೇಪದ ನಂತರವೂ ಮಧ್ಯ ಸ್ವರಗಳಲ್ಲಿ ಒಂದು ಉಬ್ಬು ಉಳಿಯಿತು. ಅದನ್ನು ಇಳಿಸುವ ಭಾಗವನ್ನು ಎಂಜಿನಿಯರುಗಳು ಕ್ರಾಸ್‌ಓವರಿನಲ್ಲೇ ಸೇರಿಸಿದರು. ಕವಲನ್ನು ಸುಮಾರು 3 ಕಿಲೋಹರ್ಟ್ಸ್‌ನಲ್ಲಿ ಇಟ್ಟರು. ಸಿದ್ಧ ಮಂಡಲವಲ್ಲ, ಆ ವೂಫರಿಗೆಂದೇ ಅಳೆದು ಹೊಲಿದ ಅಂಗಿ. ಹೊಲಿದ ಅಂಗಿಗೆ ಒಂದು ತೊಂದರೆಯೂ ಉಂಟು: ಮೈ ಬದಲಾದರೆ ಅದು ಕೂಡುವುದಿಲ್ಲ. ವರ್ಷಗಳು ಕಳೆದಂತೆ ತಯಾರಾಗುತ್ತಿದ್ದ ವೂಫರುಗಳ ಗುಣ ಮೂಲ ಮಾದರಿಯಿಂದ ಸರಿಯತೊಡಗಿತು. 1980ರ ದಶಕದ ಕೊನೆಯಲ್ಲಿ ಕ್ರಾಸ್‌ಓವರನ್ನು ಮತ್ತೆ ರೂಪಿಸಬೇಕಾಯಿತು. ಮೊದಲು 15 ಓಮ್ ಆಗಿದ್ದ ಸ್ಪೀಕರ್ ಆಮೇಲೆ 11 ಓಮ್ ಆಯಿತು.

ಈಗ ದೊಡ್ಡ ಕಳ್ಳನಿಗೆ ಹಗ್ಗ. ಮುಳ್ಳನ್ನು ಮುಳ್ಳಿನಿಂದಲೇ ತೆಗೆಯಬೇಕೆನ್ನುತ್ತಾರಲ್ಲ, ಇಲ್ಲಿ ಅನುರಣನೆಯನ್ನು ಅನುರಣನೆಯಿಂದಲೇ ತೆಗೆಯಬೇಕು. ಒಂದು ಸುರುಳಿ, ಒಂದು ಕೆಪಾಸಿಟರ್ ಇವನ್ನು ಸಮಾಂತರವಾಗಿ ಜೋಡಿಸಿ, ಆ ಜೋಡಿಯನ್ನು ವೂಫರಿಗೆ ಹೋಗುವ ತಂತಿಯಲ್ಲಿ ಸೇರಿಸಿ. ರೇಡಿಯೋದಲ್ಲಿ ನಿಲ್ದಾಣ ಆರಿಸುವ ಮಂಡಲ ನಿಮಗೆ ಗೊತ್ತು; ಇದು ಅದರ ದಾಯಾದಿ. ಒಂದೇ ಒಂದು ಆವೃತ್ತಿಯಲ್ಲಿ ಈ ಜೋಡಿ ವಿದ್ಯುತ್ತಿಗೆ ಭಾರಿ ತಡೆಯೊಡ್ಡುತ್ತದೆ, ಉಳಿದೆಡೆ ದಾರಿ ಬಿಡುತ್ತದೆ. ಸ್ವರಗಳ ಸಾಲಿನಲ್ಲಿ ಅಷ್ಟು ಜಾಗಕ್ಕೆ ಒಂದು ಕಚ್ಚು ಹಾಕಿದಂತೆ. 0.1 ಮಿಲಿಹೆನ್ರಿ ಸುರುಳಿ, 10 ಮೈಕ್ರೋಫ್ಯಾರಡ್ ಕೆಪಾಸಿಟರ್ ಸೇರಿದರೆ ಕಚ್ಚು ಬೀಳುವುದು 5033 ಹರ್ಟ್ಸ್‌ನಲ್ಲಿ. ಎರಡರ ಗುಣಲಬ್ಧ ಅಷ್ಟೇ ಇದ್ದರೆ ಜಾಗ ಬದಲಾಗದು. ಸುರುಳಿ ದುಪ್ಪಟ್ಟು, ಕೆಪಾಸಿಟರ್ ಅರ್ಧ ಮಾಡಿದರೆ ಅದೇ ಜಾಗದಲ್ಲಿ ಕಚ್ಚು ಇನ್ನಷ್ಟು ಅಗಲವಾಗುತ್ತದೆ. ಆಳ ಎಷ್ಟಿರಬೇಕು? ಜೋಡಿಗೆ ಸಮಾಂತರವಾಗಿ ಒಂದು ರೋಧಕ ಕಟ್ಟಿದರೆ ಅದೂ ಕೈಯಲ್ಲಿರುತ್ತದೆ. ನಮ್ಮ 17 ಓಮಿನ ವೂಫರಿಗೆ ಸುಮಾರು 60 ಓಮ್ ಕಟ್ಟಿದರೆ ಬೇಕಾದ 12 ಡೆಸಿಬೆಲ್ ಸಿಗುತ್ತದೆ.

ಇನ್ನೂ ಅಗ್ಗದ ದಾರಿಯೊಂದಿದೆ, ನನಗೆ ಅದೇ ಇಷ್ಟ. ಕ್ರಾಸ್‌ಓವರಿನಲ್ಲಿ ಹೇಗೂ ಒಂದು ಅರ್ಧ ಮಿಲಿಹೆನ್ರಿ ಸುರುಳಿ ಇದೆಯಷ್ಟೆ? ಅದರ ಎರಡು ತುದಿಗಳಿಗೆ 2 ಮೈಕ್ರೋಫ್ಯಾರಡಿನ ಕೆಪಾಸಿಟರ್ ಬೆಸೆಯಿರಿ. ಗುಣಿಸಿ ನೋಡಿ, ಅದೇ ಗುಣಲಬ್ಧ, ಅದೇ 5033 ಹರ್ಟ್ಸ್. ಒಂದೇ ಸುರುಳಿಗೆ ಎರಡು ಉದ್ಯೋಗ. ಒಂದು ಎಚ್ಚರಿಕೆ: ಕಚ್ಚಿನಿಂದ ಮೇಲಿನ ಸ್ವರಗಳಿಗೆ ಈ ಕೆಪಾಸಿಟರ್ ಕಳ್ಳದಾರಿಯಾಗುತ್ತದೆ. ಅವನ್ನು ನೆಲಕ್ಕಿಳಿಸಲು ವೂಫರಿಗೆ ಅಡ್ಡಲಾಗಿ ಇನ್ನೊಂದು ಕೆಪಾಸಿಟರ್ ಇರಲೇಬೇಕು.

ಕಚ್ಚು ಹಾಕಿದರೂ ಶಂಕುವಿನ ಟಿಣ್ ಉಳಿದೇ ಇರುತ್ತದಲ್ಲ ಎಂದು ಕೆಲವರು ವಾದಿಸುತ್ತಾರೆ. ಹೊಡೆಯದ ಗಂಟೆ ಮೊಳಗದು. 5 ಕಿಲೋಹರ್ಟ್ಸ್‌ನ ವಿದ್ಯುತ್ತು ಸುರುಳಿಯನ್ನು ಮುಟ್ಟದಿದ್ದರೆ ಆ ಕಂಪನ ಹುಟ್ಟುವುದೇ ಇಲ್ಲ. ಉಬ್ಬಿನ ಆಕಾರಕ್ಕೂ ಕಚ್ಚಿನ ಆಕಾರಕ್ಕೂ ಹೊಂದಿಕೆಯಾದರೆ ಎತ್ತರವೂ ಎಳೆತವೂ ಒಟ್ಟಿಗೇ ಅಡಗುತ್ತವೆ.

ಆದರೆ ವಾದಕ್ಕೆ ಇನ್ನೊಂದು ಮುಖವಿದೆ, ಅದು ಗಂಭೀರವಾದದ್ದು. ಸ್ಪೀಕರಿನ ಅಯಸ್ಕಾಂತ ಮತ್ತು ಸುರುಳಿ ಪೂರ್ತಿ ಪ್ರಾಮಾಣಿಕವಲ್ಲ. ನೀವು 1667 ಹರ್ಟ್ಸ್‌ನ ಶುದ್ಧ ಸ್ವರ ಕೊಟ್ಟರೂ ಅದರ ಎರಡು, ಮೂರು, ಐದು ಪಟ್ಟಿನ ಸ್ವರಗಳನ್ನು ಅವು ಒಂದಿಷ್ಟು ಹುಟ್ಟಿಸುತ್ತವೆ. 1667ರ ಮೂರು ಪಟ್ಟು ಎಷ್ಟು? 5000! ಶಂಕು ಕಾದು ಕುಳಿತಿರುವುದೇ ಅಲ್ಲಿ. ಕ್ರಾಸ್‌ಓವರಿನ ಕಾವಲು ಬಾಗಿಲಲ್ಲಿದೆ, ಕಳ್ಳ ಮನೆಯೊಳಗೇ ಹುಟ್ಟಿದ್ದಾನೆ. 1667 ಹರ್ಟ್ಸ್ ವೂಫರಿನ ನ್ಯಾಯವಾದ ಪಾಲು, ಅದನ್ನು ತಡೆಯುವಂತಿಲ್ಲ. ತಂತಿಯಲ್ಲಿ ಸರಣಿಯಾಗಿ ಕುಳಿತ ಕಚ್ಚು ಇಲ್ಲೂ ಒಂದಷ್ಟು ನೆರವಾಗುತ್ತದೆ. ಸುರುಳಿಯಲ್ಲಿ ಹುಟ್ಟಿದ ಆ 5 ಕಿಲೋಹರ್ಟ್ಸ್ ವಿದ್ಯುತ್ತು ಸುತ್ತು ಹಾಕಲು ಅದೇ ತಡೆಯನ್ನು ದಾಟಬೇಕಲ್ಲ. ಪೂರ್ತಿ ಪರಿಹಾರ ಮಾತ್ರ ಒಳ್ಳೆಯ ಅಯಸ್ಕಾಂತದ್ದು, ಇಲ್ಲವೆ ಕವಲನ್ನು ಬಹಳ ಕೆಳಗೆ ಇಡುವುದು. ಲಿಂಕ್‌ವಿಟ್ಸ್ ತಮ್ಮ ಓರಿಯನ್ ವಿನ್ಯಾಸದಲ್ಲಿ ಮೆಗ್ನೀಶಿಯಂ ಶಂಕುವನ್ನು 1440 ಹರ್ಟ್ಸ್‌ನಲ್ಲೇ ನಿಲ್ಲಿಸಿದರು.

ಇದನ್ನೆಲ್ಲ ಪರದೆಯ ಮೇಲೆ ಕೇಳಿಸಿ ತೋರಿಸೋಣವೆಂದರೆ ಒಂದು ತೊಡಕು: ನಿಮ್ಮ ಟಿ.ವಿ.ಯ ಸ್ಪೀಕರಿಗೂ ಅದೇ ರೋಗ. ರೋಗಿಯಿಂದಲೇ ವೈದ್ಯ ಮಾಡಿಸಿದಂತಾದೀತು. ಆದ್ದರಿಂದ ಪ್ರಯೋಗ ಮಾಡಬಯಸುವವರು ಮೊದಲು ಅಳೆಯಬೇಕು. ಒಂದು ಅಳತೆಯ ಮೈಕ್ರೊಫೋನು, ಒಂದು ಕಂಪ್ಯೂಟರ್, ಉಚಿತವಾಗಿ ಸಿಗುವ ತಂತ್ರಾಂಶ ಇಷ್ಟಿದ್ದರೆ ಇಂದು ಕಾಲೇಜಿನ ಪ್ರಯೋಗಶಾಲೆಯಲ್ಲೇ ಉಬ್ಬಿನ ಚಿತ್ರ ತೆಗೆಯಬಹುದು. ಉಬ್ಬು ಎಲ್ಲಿದೆ ಎಂದು ತಿಳಿಯದೆ ಕಚ್ಚು ಹಾಕುವುದು ಕತ್ತಲಲ್ಲಿ ಸೂಜಿಗೆ ದಾರ ಪೋಣಿಸಿದಂತೆ. ಕೆಪಾಸಿಟರಿನ ಮೇಲೆ ಬರೆದ ಬೆಲೆಯನ್ನೂ ಪೂರ್ತಿ ನಂಬಬೇಡಿ. ಅದು ನೂರಕ್ಕೆ ಹತ್ತು ತಪ್ಪಿದರೆ ಕಚ್ಚಿನ ಜಾಗ ನೂರಕ್ಕೆ ಐದು ಸರಿಯುತ್ತದೆ, ಚೂಪಾದ ಉಬ್ಬು ಪಕ್ಕದಲ್ಲಿ ಹಾಗೆಯೇ ನಿಂತಿರುತ್ತದೆ.

ನನಗೆ ಆದದ್ದೂ ಅದೇ. ಸಿದ್ಧ ಹಲಗೆ ಕಿತ್ತು, ಅರ್ಧ ಮಿಲಿಹೆನ್ರಿಯ ಸುರುಳಿಯಿಟ್ಟು ಹೊಸ ಮಂಡಲ ಕಟ್ಟಿದೆ. ಅಂಗಡಿಯಲ್ಲಿ 2 ಮೈಕ್ರೋಫ್ಯಾರಡ್ ಇರಲಿಲ್ಲ, 2.2 ಇತ್ತು. ಕಚ್ಚು 4800 ಹರ್ಟ್ಸ್‌ನಲ್ಲಿ ಬಿತ್ತು. ಉಬ್ಬು 5000ದಲ್ಲಿ ನಗುತ್ತಿತ್ತು. ಸುರುಳಿಯಿಂದ ನೂರಕ್ಕೆ ನಾಲ್ಕರಂತೆ ಸುತ್ತುಗಳನ್ನು ಬಿಚ್ಚಿದೆ. ಪ್ರೇರಕತೆ ಸುತ್ತುಗಳ ವರ್ಗದಂತೆ ಬದಲಾಗುವುದರಿಂದ ಅದು ನೂರಕ್ಕೆ ಎಂಟರಷ್ಟು ಇಳಿದು ಕಚ್ಚು ಜಾಗಕ್ಕೆ ಬಂತು. ಬಹಳ ಜೋರಾಗಿ ಹಾಕಿದಾಗ ಆ ಮೂರು ಪಟ್ಟಿನ ಕಳ್ಳ ಈಗಲೂ ಇಣುಕುತ್ತಾನೆ. ನಾನು ಅಷ್ಟು ಜೋರಾಗಿ ಹಾಕುವುದಿಲ್ಲ. ಅತ್ತೆ ಇನ್ನೊಮ್ಮೆ ಬಂದಾಗ ಅದೇ ಧ್ವನಿಮುದ್ರಣ ಕೇಳಿಸಿದೆ. ಕೊನೆಯವರೆಗೂ ಕೇಳಿದರು. ಯಾರ ವೀಣೆ ಎಂದು ಕೇಳಲಿಲ್ಲ. "ಆ ದಿನ ಮಂದ್ರದ ತಂತಿ ಸ್ವಲ್ಪ ಇಳಿದಿತ್ತು, ನೋಡು" ಎಂದರು.